ಹೊವಾಸಾಪನ ಶಿಷ್ಯ

ಬಾಗಿಲಿಗೆ ಬೀಗ ಬಿದ್ದಿತ್ತು. ಬಿದ್ದಿರುತ್ತದೆಂದು ಯೆರೆವಾನಿನಲ್ಲಿ ಬಸ್ಸು ಹತ್ತುವಾಗಲೇ ಸೆದ್ರಾಕನಿಗೆ ಗೊತ್ತಿತ್ತು. ಆದರೂ ನಾಲ್ಕು ಗಂಟೆ ಕುಲುಕಿಸಿಕೊಂಡು ಬಂದು, ಕೆಸರಿನ ಏರುದಾರಿಯಲ್ಲಿ ಎರಡು ಸಲ ಜಾರಿ, ಏದುಸಿರು ಬಿಡುತ್ತ ಮೊಶಾವಂಕ್ ಮಠದ ಮುಂದೆ ನಿಂತು ಆ ತುಕ್ಕುಹಿಡಿದ ಬೀಗವನ್ನು ಕಂಡಾಗ, ಯಾರೋ ತನ್ನನ್ನು ದೂರದಿಂದಲೇ ಗುರುತಿಸಿ ಬೇಕೆಂದೇ ಬಾಗಿಲು ಹಾಕಿಕೊಂಡರೆನ್ನಿಸಿ ಮೈಯೆಲ್ಲ ಉರಿಯಿತು. ಹಿಡಿದು ಜಗ್ಗಿದ. ಗೋದಾಮಾಗಿಬಿಟ್ಟಿದ್ದ ಮಠದ ಒಳಗಿನಿಂದ ರಸಗೊಬ್ಬರದ ಘಾಟು ಬಂತು. ಹೆಗಲಿನ ಚೀಲದಲ್ಲಿ ತಾನು ಕೆಲಸ ಮಾಡುವ ಹಸ್ತಪ್ರತಿ ಸಂಸ್ಥೆಯಿಂದ ಬೇಡಿ ತಂದ ಕ್ಯಾಮೆರಾ ಇತ್ತು. ಕೊಡುವಾಗ ಆ ಫೋಟೋದವನು, ತನಗಿಂತ ಇಪ್ಪತ್ತು ವರ್ಷ ಚಿಕ್ಕವನು, ‘ಈ ಗುಂಡಿ ಒತ್ಬೇಕು, ಇದನ್ನಲ್ಲ, ಇದನ್ನು’ ಎಂದು ಕಿವುಡನಿಗೆ ಹೇಳುವ ಹಾಗೆ ಐದು ಸಲ ಹೇಳಿದ್ದ; ಆರನೆಯ ಸಲ ಸೆದ್ರಾಕ್ ತಪ್ಪು ಗುಂಡಿ ಒತ್ತಿ ತೋರಿಸಿದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು. ಸೆದ್ರಾಕನೂ ನಕ್ಕಿದ್ದ. ಯಾಕೆ ನಕ್ಕೆ ಎಂದು ಬಸ್ಸಿನಲ್ಲಿ ನಾಲ್ಕು ಗಂಟೆಯೂ ತನ್ನನ್ನೇ ಕೇಳಿಕೊಂಡಿದ್ದ.

ಮಠದ ಗೋಡೆಗೆ ಒತ್ತಿ ನಿಲ್ಲಿಸಿದ್ದ ಟ್ರಾಕ್ಟರಿನ ಅಡಿಯಿಂದ ಒಬ್ಬ ಹೊರಬಂದ. ಎಣ್ಣೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಸೆದ್ರಾಕನ ಟೋಪಿಯಿಂದ ಕೆಸರಾದ ಬೂಟಿನ ತನಕ ಒಮ್ಮೆ ನೋಡಿದ.

“ಗೊಬ್ಬರ ನೋಡೋಕ್ ಬಂದ್ರಾ?”

“ಇಲ್ಲ. ಗೋಡೆ ನೋಡೋಕೆ.”

“ಗೋಡೆ ಎಲ್ಲೂ ಹೋಗಿಲ್ಲ ಬಿಡಿ, ಇದ್ದಲ್ಲೇ ಇದೆ. ನಮ್ಮ ಸಾಮೂಹಿಕ ಬೇಸಾಯದ ಅಧ್ಯಕ್ಷರು ಅದನ್ನೂ ಮಾರಿಬಿಡ್ತಿದ್ರು, ತಗೊಳ್ಳೋರು ಸಿಗ್ಲಿಲ್ಲ.” ತನ್ನ ಮಾತಿಗೆ ತಾನೇ ಖುಷಿಪಟ್ಟು ಅವನು ಸಿಗರೇಟು ಹಚ್ಚಿದ. “ಬೀಗದ ಕೈ ಹೆರಿಕ್ನಾಜ್ ಅಜ್ಜಿ ಹತ್ರ. ಆ ಎರಡನೇ ಮನೆ, ಹೊಗೆ ಬರ್ತಿದೆಯಲ್ಲ, ಅದು. ಆದ್ರೆ ಇವತ್ತು ರೊಟ್ಟಿ ಸುಡೋ ದಿನ. ಒಲೆ ಮುಂದೆ ಕೂತ್ಲು ಅಂದ್ರೆ ಕಥೊಲಿಕೋಸೇ ಬಂದು ಕರೆದ್ರೂ ಏಳಲ್ಲ ಅವಳು.”

ಕಥೊಲಿಕೋಸ್ ಎಂದರೆ ಇಡೀ ಆರ್ಮೇನಿಯದ ಚರ್ಚಿಗೆ ಹಿರಿಯ ತಲೆ. ಇಪ್ಪತ್ತೆರಡು ವರ್ಷದಿಂದ ಸೆದ್ರಾಕ್ ಅಂಥ ಹಿರಿಯ ತಲೆಗಳ ನಡುವೆಯೇ ಬದುಕಿದ್ದ. ಈ ಮಠದಲ್ಲಿದ್ದ ಹೊವಾಸಾಪ್ ಎಂಬ ವರ್ದಪೆತ್, ಅಂದರೆ ವಿದ್ವಾಂಸ ಸಂನ್ಯಾಸಿ, ಬರೆದ ಇತಿಹಾಸದ ತುಂಬ ಅವರೇ: ಯಾವ ಕಥೊಲಿಕೋಸ್ ಯಾವನಿಗೆ ಮೊದಲು ಕೈಮುಗಿದ, ಯಾವ ಬಿಷಪ್ಪು ಒಂದು ಹೇಸರಗತ್ತೆಯ ವಿಚಾರಕ್ಕೆ ಪಕ್ಕದ ಬಿಷಪ್ಪಿನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟ, ಯಾವ ಮಠಾಧಿಪತಿ ಪೀಠಕ್ಕಾಗಿ ತನ್ನ ತಮ್ಮನನ್ನೇ ಮದ್ಯದಂಗಡಿಯವನೆಂದು ದೂರು ಬರೆದ. ಉದ್ದುದ್ದ ವಾಕ್ಯಗಳು, ಒಂದರೊಳಗೊಂದು ಹೊಕ್ಕು, ಕೊನೆಯಲ್ಲಿ ಸಣ್ಣಗೆ ಕಚ್ಚುವಂಥವು. ಆಮೇಲೆ, ಮೂವತ್ತೆಂಟನೆಯ ಅಧ್ಯಾಯದಿಂದ, ಬಿಲ್ಲಾಳುಗಳ ಜನ ಪೂರ್ವದಿಂದ ದಂಡೆತ್ತಿ ಬರುತ್ತಾರೆ. ಅಲ್ಲಿಂದ ಹನ್ನೆರಡು ಅಧ್ಯಾಯ ವಾಕ್ಯಗಳು ತುಂಡುತುಂಡು. ‘ಬಂದರು. ಗಂಟೆಗಳನ್ನು ಹೂಳಿದೆವು. ಗುಹೆಯಲ್ಲಿ ನಲವತ್ತು ಜನ. ಬೆಳಿಗ್ಗೆ ಮೂವತ್ತೊಂದು.’ ಇದು ಬೇರೆ ಕೈ, ಗುರು ಸತ್ತ ಮೇಲೆ ಹೆಸರಿಲ್ಲದ ಒಬ್ಬ ಶಿಷ್ಯ ಗುರುವಿನ ಹೆಸರಲ್ಲೇ ಬರೆದು ಮುಗಿಸಿದ್ದು, ಎಂದು ತೋರಿಸಿಕೊಟ್ಟವನು ಸೆದ್ರಾಕ್. ಅವನು ಬದುಕಿನಲ್ಲಿ ಮಾಡಿದ ಕೆಲಸವೆಂದರೆ ಅದೊಂದು. ಮಾಸ್ಕೋದಲ್ಲಿ ಕೂಡ ಒಬ್ಬರು ಅದನ್ನು ಎರಡು ಸಾಲಿನಲ್ಲಿ ಮೆಚ್ಚಿ ಬರೆದಿದ್ದರು. ಆಧಾರ ಈ ಮಠದ ಮಂಟಪದಲ್ಲಿನ ಒಂದು ಕಲ್ಲು. ಹೊವಾಸಾಪ್ ತೀರಿಕೊಂಡದ್ದು ಆರ್ಮೇನಿಯದ ಶಕೆ ಆರುನೂರ ಎಂಬತ್ತೈದರಲ್ಲಿ, ಈಗಿನ ಲೆಕ್ಕದಲ್ಲಿ ಕ್ರಿ.ಶ. ಸಾವಿರದ ಇನ್ನೂರ ಮೂವತ್ತಾರರಲ್ಲಿ, ಎಂದು ಕಲ್ಲು ಹೇಳುತ್ತದೆ. ಬಿಲ್ಲಾಳುಗಳು ಬಂದದ್ದು ಅದರ ಮರುವರ್ಷ. ಸತ್ತವನು ಬರೆಯುವುದಿಲ್ಲವಲ್ಲ.

ಎಲ್ಲ ಮುಗಿದು, ಅವನ ಪೀಠಿಕೆ ಟಿಪ್ಪಣಿಗಳೊಂದಿಗೆ ಆ ಇತಿಹಾಸ ಅಚ್ಚಿಗೆ ಹೊರಟು ನಿಂತಾಗ, ಪ್ರಕಟಣೆ ವಿಭಾಗಕ್ಕೆ ಹೊಸದಾಗಿ ಬಂದ ನ್ವಾರ್ದ್ ಎಂಬ ಹುಡುಗಿ ಕರಡಿನ ಹಾಳೆಯನ್ನು ಎತ್ತಿಕೊಂಡು ಅವನ ಮೇಜಿನ ಬಳಿ ಬಂದಿದ್ದಳು. “ಕಾಮ್ರೇಡ್ ಸೆದ್ರಾಕ್, ಇನ್ನೂರ ಹದಿನಾಲ್ಕನೇ ಟಿಪ್ಪಣಿ. ‘ಶಾಸನವನ್ನು ಸ್ಥಳದಲ್ಲಿ ಓದಲಾಗಿದೆ’ ಅಂತಿದೆ. ಯಾರು ಓದಿದ್ದು? ಯಾವಾಗ?” ಸುಮ್ಮನೆ ಕೇಳಿದ್ದು. ಅವಳ ಕೆಲಸವೇ ಅದು. ಸೆದ್ರಾಕನಿಗೆ ಕಿವಿ ಕಾದವು. ‘ನಾನೇ’ ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದ, ಬಂದದ್ದು ಕೆಮ್ಮು. “ನೋಡಿ ಹೇಳ್ತೀನಿ,” ಎಂದ. “ಶುಕ್ರವಾರ ಸಂಜೆ ಐದರೊಳಗೆ ಹೇಳಿ, ಒಂದು ಫೋಟೋನೂ ಇದ್ರೆ ಒಳ್ಳೇದು,” ಎಂದು ಅವಳು ಹೋಗಿದ್ದಳು. ಇವತ್ತು ಶುಕ್ರವಾರ. ಬಂದು ಸ್ವಂತ ಕಣ್ಣಿನಿಂದ ಒಂದು ಸಲ ಓದಿಬಿಟ್ಟರೆ ಆ ಸಾಲಾದರೂ ನಿಜವಾಗುತ್ತದೆ ಎಂದು ಹೊರಟವನು ಈಗ ಹೊಗೆ ಬರುತ್ತಿದ್ದ ಎರಡನೆಯ ಮನೆಯ ಹಿತ್ತಲಲ್ಲಿ, ನಾಯಿಯೊಂದು ಬೂಟು ಮೂಸುತ್ತಿರಲು ಅಲುಗಾಡದೆ ನಿಂತಿದ್ದ.

ನೆಲದಲ್ಲಿ ಹೂತ ಒಲೆಯ ಬಾಯಿಗೆ ಬಗ್ಗಿ ಹೆರಿಕ್ನಾಜ್ ಅಜ್ಜಿ ತೆಳ್ಳನೆಯ ರೊಟ್ಟಿಯನ್ನು ಒಳಗೋಡೆಗೆ ಬಡಿಯುತ್ತಿದ್ದಳು. ಎಪ್ಪತ್ತರ ಮುದುಕಿ, ಮೊಣಕೈ ತನಕ ಸುಟ್ಟ ಕಲೆಗಳು. ಸೊಸೆ ಪಕ್ಕದಲ್ಲಿ ಹಿಟ್ಟು ಲಟ್ಟಿಸುತ್ತಿದ್ದಳು.

“ಅಮ್ಮಾ, ಗೋದಾಮಿನ ಕೀಲಿಕೈ ಬೇಕಿತ್ತು. ಸಂಸ್ಥೆಯಿಂದ ಬಂದಿದೀನಿ, ಯೆರೆವಾನಿಂದ.”

“ಅಷ್ಟ್ ದೂರದಿಂದ ಬಂದವನು ಇನ್ನೊಂದ್ ಗಳಿಗೆ ಕೂತ್ರೆ ಏನಾಗುತ್ತೆ? ಹಿಟ್ಟು ಹುಳಿಯಾಗುತ್ತೆ, ಗೋಡೆ ಹುಳಿಯಾಗಲ್ಲ.”

“ಕೀಲಿ ಕೊಟ್ಟುಬಿಡಿ, ನಾನೇ ತೆಗೀತೀನಿ.”

“ಕೊಟ್ಬಿಡ್ತೀನಿ. ಆಮೇಲೆ ಎರಡು ಮೂಟೆ ಕಮ್ಮಿಯಾಯ್ತು ಅಂತ ಅಧ್ಯಕ್ಷ ನನ್ನ ಜುಟ್ಟು ಹಿಡೀತಾನೆ. ಕೂತ್ಕೋ ಮಗಾ. ತಿನ್ನು.” ಬಿಸಿ ರೊಟ್ಟಿಯೊಳಗೆ ಉಪ್ಪುಗಿಣ್ಣು, ಹಸಿರುಸೊಪ್ಪು ಸುತ್ತಿ ಅವನ ಕೈಗೆ ತುರುಕಿದಳು. ಅವನು ಮಗುಚಿಟ್ಟ ಮರಿಗೆಯ ಮೇಲೆ ಕೂತ. ಗಂಟೆ ಹನ್ನೊಂದೂವರೆ. ಹಸಿವಾಗಿತ್ತು, ಹಸಿವಾಗಿದೆಯೆಂಬುದಕ್ಕೂ ಸಿಟ್ಟು ಬಂತು.

ಆವತ್ತೂ ಇದೇ ರೊಟ್ಟಿ ತಿಂದಿದ್ದರು. ನಲವತ್ತೆಂಟರ ಬೇಸಿಗೆ. ಪಾರ್ಸೆಘ್ ಗುರುಗಳು ಒಂದು ಕಾಲು ಎಳೆದುಕೊಂಡೇ ಈ ಏರು ಹತ್ತಿದ್ದರು. ಎಲ್ಲರೂ ಅವರನ್ನು ವರ್ಪೆತ್ ಎನ್ನುತ್ತಿದ್ದರು, ಬಡಗಿಗೂ ಕಲ್ಲುಕುಟಿಗನಿಗೂ ಕೆಲಸ ಕಲಿಸಿದವನಿಗೂ ಹೇಳುವ ಮಾತು ಅದು. ಯೌವನದಲ್ಲಿ ಸೆಮಿನರಿಯಲ್ಲಿ ಓದಿ ಉಪಪಾದ್ರಿಯಾಗಿ, ಆಮೇಲೆ ನಿಲುವಂಗಿ ಕಳಚಿಟ್ಟು ಹಸ್ತಪ್ರತಿಗಳ ನಡುವೆ ಕೂತವರು. ಸೆದ್ರಾಕ್ ಬಾವಿಯಿಂದ ನೀರು ಹೊರುವುದು, ಅವರು ಕುದುರೆಕೂದಲಿನ ಬ್ರಶ್ಶಿನಿಂದ ಕಲ್ಲು ತಿಕ್ಕುವುದು. ಮಂಟಪದ ತುಂಬ ಆಗ ಬಾರ್ಲಿ ತುಂಬಿತ್ತು, ಕತ್ತಲೆ. ಅವರು ಬೆರಳಿನಿಂದ ತಡವಿ ತಡವಿ ಅಕ್ಷರ ಹೇಳಿ, ಎಣ್ಣೆಬಟ್ಟೆಯ ರಟ್ಟು ಹಾಕಿದ ಪುಸ್ತಕದಲ್ಲಿ ತಾವೇ ಬರೆದುಕೊಳ್ಳುತ್ತಿದ್ದರು. ಸೆದ್ರಾಕ್ ಕಲ್ಲನ್ನು ನೋಡಲೇ ಇಲ್ಲ. ಅವನಿಗೆ ಬೆನ್ನು ನೋಯುತ್ತಿತ್ತು, ಊರಿನಲ್ಲಿ ಒಬ್ಬಳು ಹುಡುಗಿ ಕಾಯುತ್ತಿದ್ದಳು. ಮರುವರ್ಷ ಜೂನಿನಲ್ಲಿ ಅವರು ‘ಶಾಸನಗಳನ್ನೆಲ್ಲ ಚೊಕ್ಕವಾಗಿ ನಕಲು ಮಾಡಿಕೊಡು’ ಎಂದು ಆ ಪುಸ್ತಕ ಕೊಟ್ಟು ಮೂರು ದಿನವಾಗಿರಲಿಲ್ಲ, ಅವರ ಬೀದಿಗೆ ಲಾರಿ ಬಂತು. ಆ ಬೀದಿಯ ಆರು ಮನೆಯವರನ್ನು ಸೈಬೀರಿಯಾದ ಅಲ್ತಾಯಿಗೆ ಹೋಗುವ ರೈಲಿಗೆ ತುಂಬಿದರು. ಸಂಸ್ಥೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದರು: ಅವರ ಕಾಗದಪತ್ರ ನಿಮ್ಮ ಹತ್ತಿರ ಏನಾದರೂ ಇದೆಯೇ? ಇಲ್ಲ, ಎಂದ ಸೆದ್ರಾಕ್. ಆ ಇಲ್ಲಕ್ಕೆ ಅವನು ಆಮೇಲೆ ಎಷ್ಟೋ ಸಮಾಧಾನ ಹೇಳಿಕೊಂಡಿದ್ದ. ಹೌದು ಎಂದಿದ್ದರೆ ಪುಸ್ತಕ ಸುಟ್ಟುಹಾಕುತ್ತಿದ್ದರು, ಅದನ್ನು ಉಳಿಸಿದವನು ನಾನು. ನಿಜವೇ. ಹೆದರಿ ಹಾಗೆಂದದ್ದೂ ನಿಜವೇ.

ಇನ್ನೊಂದು ‘ಇಲ್ಲ’ ಇತ್ತು. ಅದಕ್ಕೆ ಸಮಾಧಾನ ಇರಲಿಲ್ಲ. ಐವತ್ತಾರರ ಶರತ್ಕಾಲದಲ್ಲಿ ವರ್ಪೆತ್ ವಾಪಸು ಬಂದರು. ಹಲ್ಲು ಉದುರಿ, ಕೆನ್ನೆ ಒಳಗೆ ಹೋಗಿ, ಯಾರದೋ ಕೋಟು ತೊಟ್ಟು ಒಂದು ಭಾನುವಾರ ಅವನ ಮನೆಯ ಬಾಗಿಲು ತಟ್ಟಿದರು. ಹೆಂಡತಿ ಚಹಾ ಮಾಡಿದಳು, ಏಪ್ರಿಕಾಟಿನ ಮುರಬ್ಬ ಇಟ್ಟಳು. ಹವೆಯ ಮಾತಾಯಿತು, ಯಾರು ಸತ್ತರು ಯಾರು ಇದ್ದಾರೆ ಎಂದಾಯಿತು. ಆಮೇಲೆ ಅವರು ಚಮಚವನ್ನು ತಟ್ಟೆಯಂಚಿಗೆ ಒರಗಿಸಿ, “ಸೆದ್ರಾಕ್ ಜಾನ್, ನನ್ನ ಆ ಪುಸ್ತಕ... ನಿನ್ನ ಹತ್ರ ಉಳೀತಾ?” ಎಂದರು. ಪುಸ್ತಕ ಅವನು ಕೂತಿದ್ದ ಕುರ್ಚಿಯ ಹಿಂದಿನ ಬೀರುವಿನಲ್ಲಿತ್ತು. ಆ ಶಾಸನವನ್ನಿಟ್ಟು ಬರೆದ ಅವನ ಮೊದಲ ಲೇಖನ ಆ ವಸಂತದಲ್ಲಷ್ಟೇ ಪ್ರಕಟವಾಗಿತ್ತು, ಎಲ್ಲರೂ ಹೊಗಳುತ್ತಿದ್ದರು, ಹೆಸರಿಲ್ಲದ ಶಿಷ್ಯ ಆಗತಾನೇ ಹುಟ್ಟಿದ್ದ. “ಇಲ್ಲ ವರ್ಪೆತ್. ಆಗಲೇ ಎಲ್ಲ ತಗೊಂಡ್ ಹೋದ್ರು.” ಈ ಸಲ ಯಾರೂ ಹೆದರಿಸಿರಲಿಲ್ಲ. ಅವರು ಅವನನ್ನು ನೋಡಿದರು, ಬಹಳ ಹೊತ್ತೇನಲ್ಲ. “ಇರ್ಲಿ ಬಿಡು,” ಎಂದರು. “ಕಲ್ಲು ಇದೆಯಲ್ಲ.” ಚಹಾ ಮುಗಿಸಿ, ಮುರಬ್ಬ ಚೆನ್ನಾಗಿದೆಯಮ್ಮ ಎಂದು ಅವನ ಹೆಂಡತಿಗೆ ಹೇಳಿ, ಮೆಟ್ಟಿಲಿಳಿದು ಹೋದರು. ಎರಡು ವರ್ಷಕ್ಕೆ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಸೆದ್ರಾಕ್ ಶವಪೆಟ್ಟಿಗೆಗೆ ಹೆಗಲು ಕೊಟ್ಟ, ಮಳೆಯಿತ್ತು, ಅವನ ಮೂಲೆಯೇ ಜಾರಿತು. ಅಂದಿನಿಂದ ಮೊಶಾವಂಕಿನ ಕಡೆ ಸಂಸ್ಥೆಯವರು ಹೊರಟಾಗಲೆಲ್ಲ ಅವನಿಗೆ ನೆಗಡಿ.

“ಏಳು,” ಎಂದಳು ಅಜ್ಜಿ. “ಕೂತಲ್ಲೇ ನಿದ್ದೆ ಹೋದ್ಯಾ?” ಕೀಲಿಕೈ ಅವಳ ಏಪ್ರನ್ನಿನ ಜೇಬಿನಲ್ಲೇ ಇತ್ತು. ಗಂಟೆ ಎರಡಾಗಿತ್ತು.

ಮಂಟಪದ ಮಧ್ಯದಲ್ಲಿ ಮಾಡಿನ ಬೆಳಕುಗಿಂಡಿಯಿಂದ ಬಿಸಿಲು ಕಂಬದಂತೆ ಇಳಿದಿತ್ತು. ಗೊಬ್ಬರದ ಧೂಳು ಅದರೊಳಗೆ ಸುತ್ತುತ್ತಿತ್ತು. ದಕ್ಷಿಣದ ಗೋಡೆಗೆ ಒತ್ತಿ ಮೂಟೆಗಳನ್ನು ಎದೆಮಟ್ಟಕ್ಕೆ ಪೇರಿಸಿದ್ದರು. ಶಾಸನ ಸೊಂಟದ ಎತ್ತರದಲ್ಲಿದೆಯೆಂದು ಅವನಿಗೆ ನೆನಪಿತ್ತು. ಒಂದೊಂದು ಮೂಟೆಯೂ ಐವತ್ತು ಕಿಲೋ. ಕೋಟು ಬಿಚ್ಚಿ ಮೊದಲನೆಯದನ್ನು ತಬ್ಬಿ ಎಳೆದ. ಅದು ಅವನ ಪಾದದ ಮೇಲೆಯೇ ಬಿತ್ತು.

“ಓದ್ಕೊಂಡೋರು ಹೀಗೆ ಎತ್ತೋದು,” ಎಂದಳು ಅಜ್ಜಿ ಬಾಗಿಲಲ್ಲಿ ನಿಂತು. “ತಬ್ಕೋಬೇಡ ಅದನ್ನ, ಮದುವೆ ಹೆಣ್ಣಲ್ಲ. ಕಿವಿ ಹಿಡಿದು ಹೊರಳಿಸು.”

ಹೊರಳಿಸಿದ. ಏಳು ಮೂಟೆ ಕಳೆಯುವಷ್ಟರಲ್ಲಿ ಅಂಗಿ ಬೆನ್ನಿಗಂಟಿ, ಕಣ್ಣಿಗೆ ಧೂಳು ಹೋಗಿ ಉರಿಯತೊಡಗಿತ್ತು. ಗೋಡೆ ಕಂಡಿತು. ಅಜ್ಜಿ ತಂದುಕೊಟ್ಟ ಬಕೀಟಿನ ನೀರು ಚಿಮುಕಿಸಿ ಬ್ರಶ್ಶಿನಿಂದ ತಿಕ್ಕಿದ. ಅಕ್ಷರಗಳು ಒದ್ದೆಯಾಗಿ ಒಂದೊಂದೇ ಎದ್ದು ಬಂದವು, ಪುಸ್ತಕದಲ್ಲಿದ್ದ ಹಾಗೆಯೇ, ಒಂದಿನಿತೂ ತಪ್ಪದೆ: ‘ಇದು ಹೊವಾಸಾಪ್ ವರ್ದಪೆತ್ತನ ನೆನಪು. ಈ ಮನೆಗೆ ಪುಸ್ತಕ ಕೊಟ್ಟನು. ಕ್ರಿಸ್ತನಲ್ಲಿ ಒರಗಿದನು, ಶಕೆ...’ ಹಳಬರಿಗೆ ಅಕ್ಷರಗಳೇ ಅಂಕಿಗಳು. ಆರುನೂರು, ಎಂಬತ್ತು. ಮೂರನೆಯ ಅಕ್ಷರದ ಮೇಲೆ ಬೆರಳಿಟ್ಟ. ಐದಕ್ಕೂ ಏಳಕ್ಕೂ ಆ ಲಿಪಿಯಲ್ಲಿ ಹೆಚ್ಚು ದೂರವಿಲ್ಲ, ಕೊನೆಯಲ್ಲಿ ಒಂದು ಕೊಕ್ಕೆ ಅಷ್ಟೆ. ಬೆರಳು ಕೊಕ್ಕೆಗೆ ತಾಗಿತು. ಇದು ಕಲ್ಲಿನ ಬಿರುಕು ಎಂದುಕೊಂಡ. ಮತ್ತೆ ತಿಕ್ಕಿದ. ಬಿರುಕು ಹೀಗೆ ಬಾಗುವುದಿಲ್ಲ, ಉಳಿಯೇ ಹೀಗೆ ಬಾಗುವುದು. ಒಳಗೆ ಉಳಿಯ ಮೂರು ಏಟು ಲೆಕ್ಕಕ್ಕೆ ಸಿಗುವ ಹಾಗಿತ್ತು. ಬೆಳಕಿಗೆ ಅಡ್ಡ ನಿಂತ, ಪಕ್ಕಕ್ಕೆ ಸರಿದ, ಕನ್ನಡಕ ತೆಗೆದ, ಹಾಕಿದ. ಏಳು. ಹೊವಾಸಾಪ್ ಸತ್ತದ್ದು ಆರುನೂರ ಎಂಬತ್ತೇಳರಲ್ಲಿ, ಬಿಲ್ಲಾಳುಗಳು ಬಂದ ಮೇಲೆ. ಗಂಟೆ ಹೂಳಿದವನು ಅವನೇ, ಗುಹೆಯಲ್ಲಿದ್ದವನು ಅವನೇ, ಬೆಳಿಗ್ಗೆ ಎದ್ದು ಮೂವತ್ತೊಂದು ಎಂದು ಎಣಿಸಿದವನೂ ಅವನೇ. ಬೇರೆ ಕೈಯಲ್ಲ. ಹೆದರಿದ ಕೈ. ಇಷ್ಟೇ ಅಲ್ಲವೇ, ಹೆದರಿದವನ ವಾಕ್ಯ ತುಂಡಾಗುತ್ತದೆಂದು ಜಗತ್ತಿನಲ್ಲಿ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

“ಹೂಂ,” ಎಂದಳು ಹೆರಿಕ್ನಾಜ್ ಅಜ್ಜಿ ಹಿಂದಿನಿಂದ. “ಅವನೂ ಹೀಗೇ ಅಲ್ಲೇ ಬೆರಳಿಟ್ಕೊಂಡು ನಿಂತುಬಿಟ್ಟಿದ್ದ.”

“ಯಾರು?”

“ಆ ಕುಂಟ ಮೇಷ್ಟ್ರು.” ಅವಳು ಹತ್ತಿರ ಬಂದು ಅವನ ಮುಖವನ್ನು ದಿಟ್ಟಿಸಿದಳು. “ನೀನು ನೀರು ಹೊತ್ತೋನು ಅಲ್ವಾ? ಆವಾಗ ತಲೇಲಿ ಕೂದ್ಲಿತ್ತು. ಒಲೆ ಮುಂದೆ ಕೂತಿದ್ದಾಗ್ಲಿಂದ ಎಲ್ಲಿ ನೋಡಿದೀನಿ, ಎಲ್ಲಿ ನೋಡಿದೀನಿ ಅಂತ್ಲೇ ಇದ್ದೆ.”

“ಅದು ನಲವತ್ತೆಂಟರಲ್ಲಿ, ಅಮ್ಮಾ. ಆಗ ಅವರು ಐದು ಅಂತ ಓದಿದ್ರು, ನಾನು ಇಲ್ಲೇ ಇದ್ದೆ.”

“ಅದಲ್ಲ ಕಣೋ. ಆಮೇಲೆ ಇನ್ನೊಂದ್ಸಲ ಬಂದಿದ್ದ, ಒಬ್ನೇ. ಸೈಬೀರಿಯಾದಿಂದ ವಾಪಸ್ ಬಂದ್ಮೇಲೆ. ನನ್ನ ಗಂಡ ಸತ್ತ ವರ್ಷ ಅದು, ಐವತ್ತೇಳು. ಮೂರು ದಿನ ನಮ್ಮನೇಲೇ ಇದ್ದ. ರೊಟ್ಟೀನ ಚಹಾದಲ್ಲಿ ಅದ್ದಿ ತಿಂತಿದ್ದ ಪಾಪ, ಹಲ್ಲಿರ್ಲಿಲ್ಲ. ಒಂದು ದಿನ ಇಲ್ಲಿ ಗೋಡೆ ಮುಂದೆ ನಿಂತು ಒಬ್ನೇ ನಗೋಕ್ ಶುರುಮಾಡ್ದ. ತಲೆ ಕೆಟ್ಟೋಯ್ತೇನೋ ಅಂತ ನಾನು ಓಡಿ ಬಂದೆ. ‘ತಪ್ಪು ಓದ್ಬಿಟ್ಟಿದ್ದೆ ಹೆರಿಕ್ನಾಜ್, ಕತ್ತಲಲ್ಲಿ ತಪ್ಪು ಓದ್ಬಿಟ್ಟಿದ್ದೆ. ನನ್ನ ಹುಡುಗ ಅದೇ ತಪ್ಪನ್ನ ಹಾಗ್ಹಾಗೇ ಅಚ್ಚು ಹಾಕಿಸಿದಾನೆ’ ಅಂದ.”

ಸೆದ್ರಾಕ್ ಮೂಟೆಯ ಮೇಲೆ ಕೂತ. ಹಾಗಾದರೆ ಲೇಖನ ಓದಿಯೇ ಅವರು ಆ ಭಾನುವಾರ ಬಂದಿದ್ದರು. ಪುಸ್ತಕ ಎಲ್ಲಿದೆಯೆಂದು ತಿಳಿದೇ, ಚಮಚವನ್ನು ತಟ್ಟೆಯಂಚಿಗೆ ಒರಗಿಸಿ ಕೇಳಿದ್ದರು. ಕೇಳಿದ್ದಲ್ಲ ಅದು, ಹೇಳಿಬಿಡು ಎಂದು ದಾರಿ ಮಾಡಿಕೊಟ್ಟದ್ದು.

“ಮತ್ತೆ ಅವನಿಗೆ ಹೇಳ್ಬಾರ್ದಾ, ಕಾಗದ ಬರೀಬಾರ್ದಾ ಅಂದೆ ನಾನು,” ಎಂದಳು ಅಜ್ಜಿ. “ಅದಕ್ಕವನು, ‘ತಪ್ಪು ಅಂತ ಹೇಳಿದ್ರೆ, ಪುಸ್ತಕ ಅವನ ಹತ್ರಾನೇ ಇದೆ ಅನ್ನೋದು ನನಗ್ಗೊತ್ತು ಅಂತ ಅವನಿಗೆ ಗೊತ್ತಾಗುತ್ತೆ. ನಾಚ್ಕೆ ಪಡ್ತಾನೆ. ಬೇಡ. ಇವತ್ತಲ್ಲ ನಾಳೆ ಅವನೇ ಬಂದು ನೋಡ್ತಾನೆ’ ಅಂದ.” ಅವಳು ಬೆರಳು ಮಡಚಿ ಎಣಿಸಿದಳು. “ಹದಿನಾಲ್ಕು ವರ್ಷ ಆಯ್ತು. ಬರೋಕೆ ಇಷ್ಟು ಹೊತ್ತಾ?”

ಅಳು ಬರಬೇಕಿತ್ತು. ಬಂದದ್ದು ಸಿಟ್ಟು, ಅವನಿಗೇ ಆಶ್ಚರ್ಯವಾಗುವಂಥ ಸಿಟ್ಟು. ನಾಚ್ಕೆ ಪಡ್ತಾನೆ! ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು? ಬೈಯಬಹುದಿತ್ತು. ಕಳ್ಳ ಎನ್ನಬಹುದಿತ್ತು, ಹೆಂಡತಿಯ ಮುಂದೆ, ಮುರಬ್ಬದ ಮುಂದೆ. ಹದಿನಾಲ್ಕು ವರ್ಷ ಒಬ್ಬ ಮನುಷ್ಯ ತಪ್ಪಿನ ಮೇಲೆ ಇಟ್ಟಿಗೆ ಜೋಡಿಸುತ್ತ ಹೋಗಲಿ ಎಂದು ಬಿಟ್ಟು, ಅದನ್ನು ಮರ್ಯಾದೆ ಎಂದುಕೊಂಡು ಸತ್ತುಹೋದರಲ್ಲ. ಎದುರಿಗಿದ್ದಿದ್ದರೆ ಅವರ ಕೋಟಿನ ಕಾಲರು ಹಿಡಿಯುತ್ತಿದ್ದ. ಕ್ಯಾಮೆರಾ ತೆಗೆದ, ತಪ್ಪು ಗುಂಡಿ ಒತ್ತಿದ, ಹಿಂಬದಿಯ ಮುಚ್ಚಳ ತೆರೆದುಕೊಂಡು ಫಿಲ್ಮಿನ ಸುರುಳಿ ಬಿಸಿಲಿನ ಕಂಬದೊಳಕ್ಕೆ ಚಿಮ್ಮಿತು.

“ಅಯ್ಯೋ, ಅದೇನೋ ಹೊರಗ್ ಬಂತು,” ಎಂದಳು ಅಜ್ಜಿ.

ಫೋಟೋ ಇಲ್ಲ. ಮೂಟೆಗಳನ್ನು ಮತ್ತೆ ಪೇರಿಸಿ ಬೆನ್ನು ನೆಟ್ಟಗೆ ಮಾಡುವಾಗ ಅವನಿಗೆ ಹೊಳೆಯಿತು: ಈ ಕಲ್ಲನ್ನು ಈಗ ನೋಡಿರುವವರು ತಾನು ಮತ್ತು ಓದು ಬಾರದ ಒಬ್ಬ ಮುದುಕಿ. ಗೋಡೆ ಮತ್ತೆ ಮೂಟೆಗಳ ಹಿಂದೆ ಹೋಯಿತು. ಏರು ಇಳಿಯುತ್ತ ಅಂಚೆ ಕಚೇರಿಯ ಕಡೆ ನಡೆಯುವಾಗ ಆ ಯೋಚನೆ ಇನ್ನೂ ಚೆನ್ನಾಗಿ, ಇನ್ನೂ ಸಭ್ಯವಾಗಿ ಬೆಳೆಯಿತು. ನ್ವಾರ್ದಳಿಗೆ ಫೋನು ಮಾಡಿ, ಬರೆದುಕೋ ಅಮ್ಮಾ, ‘ಶಾಸನವನ್ನು ಓದಿದವರು ದಿವಂಗತ ಪಾರ್ಸೆಘ್, ೧೯೪೮’ ಎಂದರೆ? ಇಪ್ಪತ್ತೆರಡು ವರ್ಷದಿಂದ ಅಡಗಿಸಿಟ್ಟ ಹೆಸರು ಕೊನೆಗೂ ಅಚ್ಚಾಗುತ್ತದೆ. ಎಲ್ಲರೂ ಹೇಳುತ್ತಾರೆ, ಸೆದ್ರಾಕ್ ದೊಡ್ಡ ಮನುಷ್ಯ, ಗುರುವನ್ನು ಮರೆಯಲಿಲ್ಲ. ಐದು ಐದಾಗಿಯೇ ಇರುತ್ತದೆ. ಶಿಷ್ಯ ಬದುಕುತ್ತಾನೆ. ಮುಂದೆ ಯಾವತ್ತೋ ಯಾವನೋ ಬಂದು ಗೊಬ್ಬರ ಸರಿಸಿ ನೋಡಿದರೆ, ತಪ್ಪು ಸತ್ತವರದು. ಸುಳ್ಳು ಒಂದೂ ಇಲ್ಲ ಇದರಲ್ಲಿ. ಅವರು ಓದಿದ್ದು ಐದೇ. ಅವನು ನಡುದಾರಿಯಲ್ಲಿ ನಿಂತುಬಿಟ್ಟ. ಎಷ್ಟು ಸಲೀಸಾಗಿ ಬಂತು! ಎರಡು ಇಲ್ಲಗಳಿಗೆ ತಡವರಿಸಿದವನು ಈ ಮೂರನೆಯದನ್ನು ಹೌದಿನ ವೇಷದಲ್ಲಿ ತಯಾರು ಮಾಡಿಕೊಂಡಿದ್ದ. ಹಾಗೆಂದುಕೊಂಡ ಮೇಲೂ ಅದನ್ನು ಬಿಟ್ಟುಬಿಡಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡೇ ನಡೆದ.

ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲಿಗೆ ಮುಕ್ಕಾಲು ಗಂಟೆ ಕಾಯಿಸಿದರು. ಬೆಂಚಿನ ಮೇಲೆ ಪಿಂಚಣಿಗೆ ಬಂದ ಇಬ್ಬರು ಮುದುಕರು, ಪಾರ್ಸೆಲ್ಲು ಹೊಲಿಯುತ್ತ ಕೂತ ಒಬ್ಬ ಹೆಂಗಸು. ಗೋಡೆಯ ಗಡಿಯಾರ ನಾಲ್ಕೂ ಐವತ್ತು ತೋರಿಸುವಾಗ ಅಂಚೆಯಾಕೆ, “ಯೆರೆವಾನ್! ಎರಡನೇ ಡಬ್ಬಿ!” ಎಂದು ಕೂಗಿದಳು. ಫೋನಿನ ಆ ಎರಡನೆಯ ಡಬ್ಬಿಗೆ ಬಾಗಿಲೇ ಇರಲಿಲ್ಲ.

“ನ್ವಾರ್ದ್? ನಾನು ಸೆದ್ರಾಕ್.”

ಗರಗರ. ಯಾರೋ ಎಣ್ಣೆಯಲ್ಲಿ ಹುರಿದ ಹಾಗೆ. “...ಕೇಳಿಸ್ತಿಲ್ಲ. ಯಾರು?”

“ಸೆದ್ರಾಕ್! ಟಿಪ್ಪಣಿ ಇನ್ನೂರ ಹದಿನಾಲ್ಕು!”

“ಹಾಂ, ಹೇಳಿ. ಶಾಸನದ ವರ್ಷ ಎಂಬತ್ತೈದೇ ತಾನೆ? ಹಾಗೇ ಬಿಟ್ಟುಬಿಡ್ಲಾ?”

ಅವಳೇ ಹೇಳಿದ್ದಳು. ಅವನು ಹೂಂ ಎಂದರೆ ಸಾಕಿತ್ತು. ಗರಗರದಲ್ಲಿ ಆ ಹೂಂ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ಅವಳು ಕರಡನ್ನು ಕೆಳಗಿನ ಅಚ್ಚುಮನೆಗೆ ಕಳಿಸುತ್ತಾಳೆ, ಮುಗಿಯಿತು. ಬಿಸಿಯಾದ ರಿಸೀವರು ಅವನ ಕಿವಿಗೆ ಒತ್ತಿತ್ತು. ಚಹಾದಲ್ಲಿ ರೊಟ್ಟಿ ಅದ್ದಿ ತಿನ್ನುವ ಬೊಚ್ಚುಬಾಯಿ ಕಣ್ಣಿಗೆ ಬಂತು. ಅದು ನಗುತ್ತಿತ್ತು. ಆ ನಗು ಅವನಿಗೆ ಸಹಿಸಲಾಗಲಿಲ್ಲ.

“ಏಳು!” ಎಂದ.

“ಏನಂದ್ರಿ?”

“ಏಳು! ಐದಲ್ಲ, ಏಳು! ಆರುನೂರ ಎಂಬತ್ತೇಳು!”

ಬೆಂಚಿನ ಮುದುಕರು ತಿರುಗಿ ನೋಡಿದರು.

“ಏಳು ಹೇಗಾಗುತ್ತೆ? ನಿಮ್ಮ ಪೀಠಿಕೆ ಪೂರ್ತಿ ಐದರ ಮೇಲೆ ನಿಂತಿದೆಯಲ್ಲ!”

“ಪೀಠಿಕೆ ತಪ್ಪು!”

“ಎಷ್ಟು ಪುಟ?”

“ನಲವತ್ತು! ತೆಗೆದುಬಿಡಿ!”

“ನಲವತ್ತು ಪುಟ ಹೇಗ್ರೀ ತೆಗೆಯೋದು ಇವತ್ತು? ನಿರ್ದೇಶಕರಿಗೆ ಏನ್ ಹೇಳ್ಲಿ?” ಅವಳ ದನಿ ಅಳುವಂತಾಗಿತ್ತು. ಪಾಪ, ಅವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿರಲಿಲ್ಲ. “ಆಯ್ತು, ತಡೆಹಿಡೀತೀನಿ. ಸೋಮವಾರ ಬಂದು ನೀವೇ ಅವರ ಮುಂದೆ ನಿಂತು ಹೇಳ್ಬೇಕು. ಈಗ ಟಿಪ್ಪಣಿ ಹೇಳಿ. ಯಾರು ಓದಿದ್ದು? ನೀವಾ?”

“ಅಲ್ಲ. ಪಾರ್ಸೆಘ್! ಐವತ್ತೇಳರಲ್ಲಿ!”

“ಬಾರ್ಸೆಘ್?”

“ಪಾ! ಪಾ! ಪಾರ್ಸೆಘ್!”

ಪಾರ್ಸೆಲ್ಲಿನ ಹೆಂಗಸು ಸೂಜಿ ನಿಲ್ಲಿಸಿ, ಪಕ್ಕದವನಿಗೆ, “ಪಾರ್ಸೆಘ್ ಅಂತೆ,” ಎಂದಳು, ಅವನಿಗೆ ಕೇಳಿಸಲಿಲ್ಲವೇನೋ ಎಂಬಂತೆ.

“ಬರ್ಕೊಂಡೆ. ಅವರು ಓದಿದ್ದು ಎಲ್ಲಿ ಸಿಗುತ್ತೆ? ಪ್ರಕಟ ಆಗಿದೆಯಾ, ಯಾರ ಹತ್ರಾನಾದ್ರೂ ಇದೆಯಾ?”

“ಅದು ಆ ಅಜ್ಜಿ ಹತ್ರ... ಅಲ್ಲ. ಕೇಳಿ. ಮೊದಲನೇ ಸಲ ಓದಿದ್ದು ನಲವತ್ತೆಂಟರಲ್ಲಿ, ತಪ್ಪಾಗಿ. ಅದರ ಪುಸ್ತಕ ನನ್ನ ಹತ್ರ ಇದೆ. ಬರ್ಕೊಳ್ಳಿ. ಅವರ ಪುಸ್ತಕ ನನ್ನ ಹತ್ರ ಇತ್ತು! ಕೇಳಿದಾಗ ಇಲ್ಲ ಅಂದಿದ್ದೆ! ಅವರಿಗೇ ಇಲ್ಲ ಅಂದಿದ್ದೆ!”

“ಇದನ್ನೂ ಟಿಪ್ಪಣೀಲಿ ಹಾಕ್ಬೇಕಾ?”

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆಂದು ಇಷ್ಟು ವರ್ಷ ಅಂದುಕೊಂಡಿದ್ದ. ಹಾಗೇನೂ ಆಗಲಿಲ್ಲ, ಗಂಟಲು ಮಾತ್ರ ನೋಯುತ್ತಿತ್ತು. ಬೆವರಿದ ಅಂಗಿಯಿಂದ ಗೊಬ್ಬರದ ವಾಸನೆ ಬರುತ್ತಿತ್ತು.

“ಕಾಮ್ರೇಡ್ ಸೆದ್ರಾಕ್, ಇನ್ನೊಂದು. ಹಾಗಾದ್ರೆ ಆ ಶಿಷ್ಯ? ಮುಖಪುಟದಲ್ಲೇ ಇದೆಯಲ್ಲ, ‘ಹೊವಾಸಾಪ್ ಮತ್ತು ಅವನ ಅನಾಮಿಕ ಶಿಷ್ಯ’ ಅಂತ. ಅವನನ್ನೇನ್ ಮಾಡೋದು?”

“ಶಿಷ್ಯ ಇಲ್ಲ!”

“ಏನು?”

“ಇಲ್ಲ ಅಂದೆ! ಯಾರೂ ಇರಲಿಲ್ಲ! ಅವನಿಗೆ ಶಿಷ್ಯ ಅನ್ನೋನು ಯಾರೂ ಇರಲೇ ಇಲ್ಲ!”

ಅವನು ಇನ್ನೊಂದು ಸಲ ಕೂಗಲು ಉಸಿರು ತೆಗೆದುಕೊಂಡ.

“ಕೂಗ್ಬೇಡಿ, ಕಾಮ್ರೇಡ್ ಸೆದ್ರಾಕ್,” ಎಂದಳು ನ್ವಾರ್ದ್ ಮೆಲ್ಲಗೆ, ಪಕ್ಕದಲ್ಲೇ ಕೂತಂತೆ. “ಆಗ್ಲಿಂದ್ಲೇ ಚೆನ್ನಾಗಿ ಕೇಳಿಸ್ತಿದೆ.”